ಅದೃಷ್ಟವನ್ನು ಒಪ್ಪದ ಕಟಿಂಗ್ ಮಾಸ್ಟರ್

ಅವರು ತೀರಿಕೊಂಡ ಸುದ್ದಿ ನಮ್ಮ ಪತ್ರಿಕೆಯಲ್ಲಿ ಬರಲಿಲ್ಲ. ಬರುವಂಥದ್ದೂ ಆಗಿರಲಿಲ್ಲ. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್ ಒಬ್ಬರು ಕೆಲಸದ ನಡುವೆ ಕುಸಿದುಬಿದ್ದರೆ ಅದು ಪುಟದಲ್ಲಿ ಜಾಗ ಕೇಳುವ ಸುದ್ದಿಯಲ್ಲ. ಸುದ್ದಿಗೆ ಬೇಕಾದಷ್ಟನ್ನು ಬರೆದು ಉಳಿದದ್ದನ್ನು ಬಿಡುವುದು ನನ್ನ ಕೆಲಸ. ಇಲ್ಲಿ ಬರೆಯುತ್ತಿರುವುದು ಆ ಉಳಿದದ್ದನ್ನು. ಹೆಸರು ಬರೆಯುವುದಿಲ್ಲ. ಆ ಮನೆಯವರಲ್ಲಿ ಈಗ ಉಳಿದಿರುವವರು ಒಬ್ಬರೇ, ಅವರು ಬೇಡವೆಂದರು.

ಆ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಇಂಗ್ಲಿಷ್ ಪತ್ರಿಕೆಯೊಂದರ ವರದಿಗಾರನಾಗಿ ಕರ್ನಾಟಕದಿಂದ ಬಂದ ಹೊಸದರಲ್ಲಿ, ಪಲ್ಲಡಂ ರಸ್ತೆಯ ಟೀ ಅಂಗಡಿಯವನು ನನ್ನ ತಮಿಳು ಕೇಳಿ ನಕ್ಕು, ಹಿಂದಿನ ಬೀದಿಯ ಈ ಮನೆ ತೋರಿಸಿದ. ಬಾಗಿಲು ತೆರೆದ ಮಾಸ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಕನ್ನಡದವ್ರಾ? ನಾವೂ ಕನ್ನಡ ದಾ ಸಾರ್. ಆದ್ರೆ ನಮ್ದು ಮನೆಯೊಳಗಿನ ಕನ್ನಡ. ಬಾಗ್ಲು ದಾಟಿದ್ರೆ ತಮಿಳು" ಎಂದರು. ಆ "ದಾ" ತಮಿಳಿನದು, ಒತ್ತಿ ಹೇಳುವ ನಮ್ಮ "ಏ" ಇದ್ದ ಹಾಗೆ. ನೇಯ್ಗೆಯ ಮನೆತನ. ಎಷ್ಟು ತಲೆಮಾರಿನ ಹಿಂದೆ ಇತ್ತ ಬಂದರೆಂಬುದು ಅವರಿಗೂ ಗೊತ್ತಿರಲಿಲ್ಲ. ತಂದೆ ಪಲ್ಲಡಂನಲ್ಲಿ ಪವರ್‌ಲೂಮ್ ನಡೆಸುತ್ತಿದ್ದರು. ಕನ್ನಡ ಅಕ್ಷರ ಆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಕೆಳಗೆ ಇದ್ದವರು ಮೂವರು. ಮಾಸ್ಟರ್, ನಾನು ಅಕ್ಕ ಎನ್ನುತ್ತಿದ್ದ ಅವರ ಹೆಂಡತಿ, ಮತ್ತು ಅಕ್ಕನ ತಾಯಿ. ಈ ತಾಯಿ ಮಾಸ್ಟರ್‌ಗೆ ಮದುವೆಯಿಂದ ಮಾತ್ರ ಅತ್ತೆಯಾದವರಲ್ಲ, ಅವರ ತಂದೆಯ ಒಡಹುಟ್ಟಿದ ತಂಗಿ. ಹೆತ್ತ ತಾಯಿ ಬೇಗ ಹೋದದ್ದರಿಂದ ಹುಡುಗನನ್ನು ಬೆಳೆಸಿದವರೂ ಅವರೇ, ಆಮೇಲೆ ಮಗಳನ್ನು ಕೊಟ್ಟವರೂ ಅವರೇ. ಬೀದಿಗೆಲ್ಲ ಅವರು ಅತ್ತೆ, ನನಗೂ. "ಈ ತಮ್ಮ ಪೇಪರ್ ಕನ್ನಡ ಮಾತಾಡ್ತಾನೆ. ಬಾಯಿಂದ ಬರೋವಾಗ್ಲೇ ಇಸ್ತ್ರಿ ಹಾಕ್ಕೊಂಡು ಬರ್ತದೆ" ಎಂದು ಮೊದಲ ದಿನವೇ ನನ್ನ ಭಾಷೆಗೆ ತೀರ್ಪು ಕೊಟ್ಟಿದ್ದರು. ದಂಪತಿಗೆ ಮಕ್ಕಳಿರಲಿಲ್ಲ.

ಮಾಸ್ಟರ್‌ಗೆ ಒಂದು ಅಭ್ಯಾಸವಿತ್ತು. ಮಾತಾಡುವ ಮೊದಲು ಎದುರಿಗೆ ಏನಿದೆಯೋ ಅದನ್ನು ಅಂಗೈಯಿಂದ ಸವರಿ ನೇರ ಮಾಡುವುದು. ಮೇಜಿನ ಮೇಲಿನ ಪೇಪರ್, ಕೂತ ಚಾಪೆ, ತೊಡೆಯ ಮೇಲಿನ ಲುಂಗಿ. ಕಟಿಂಗ್ ಟೇಬಲ್ಲಿನ ಕೈ ಅದು. ನಿಟ್ಟಿಂಗ್ ಬಟ್ಟೆಯನ್ನು ರೋಲಿನಿಂದ ಬಿಚ್ಚಿದ ಕೂಡಲೇ ಕತ್ತರಿಸಬಾರದು, ಹಾಸಿ ಬಿಡಬೇಕು, ಎಳೆದಷ್ಟು ಅದು ತಾನಾಗಿ ಹಿಂದಕ್ಕೆ ಹೋಗಿ ನೆಮ್ಮದಿಯಾದ ಮೇಲೆ ಕತ್ತರಿ ಹಾಕಬೇಕು. ಇದನ್ನು ಅವರು "ಬಟ್ಟೆ ಮಲಗ್ಬೇಕು" ಎನ್ನುತ್ತಿದ್ದರು. ಒಮ್ಮೆ ಒಂದು ಆರ್ಡರಿನ ತೋಳುಗಳೆಲ್ಲ ಗಿಡ್ಡವಾಗಿ ಬಂದು, ಸೂಪರ್‌ವೈಸರ್ ಗ್ರಹಚಾರ ಎಂದು ಕೈಚೆಲ್ಲಿದಾಗ, ಮಾಸ್ಟರ್ ಹಿಂದಕ್ಕೆ ಹುಡುಕುತ್ತಾ ಹೋಗಿ, ಬಟ್ಟೆಯನ್ನು ಮಲಗಲು ಬಿಡದೆ ಅವಸರಪಟ್ಟವನನ್ನು ಹಿಡಿದಿದ್ದರು. ಅವನಿಗೆ ಬೈಯಲಿಲ್ಲವಂತೆ. "ತಪ್ಪಿಗೆ ಒಂದ್ ಕೈ ಇದ್ದೇ ಇರ್ತದೆ ಸಾರ್. ಗ್ರಹಚಾರಕ್ಕೆ ಕೈ ಇಲ್ಲ" ಎಂದು ಆ ಸಂಜೆ ನನಗೆ ಹೇಳಿದರು. ಅವರ ಬದುಕಿನ ತತ್ವವೆಲ್ಲ ಇಷ್ಟೇ.

ಈ ತತ್ವವನ್ನು ಅವರು ಫುಟ್ಬಾಲಿಗೂ ತಂದರು. ನಿಜವಾದ ಫುಟ್ಬಾಲಿಗಲ್ಲ, ಮೊಬೈಲಿನ ಫ್ಯಾಂಟಸಿ ಫುಟ್ಬಾಲಿಗೆ.

ಅವರ ಕಂಪನಿಗೆ ಇಂಗ್ಲೆಂಡಿನ ಫುಟ್ಬಾಲ್ ಅಭಿಮಾನಿಗಳು ಹಾಕುವ ಟೀ ಶರ್ಟುಗಳ ಆರ್ಡರ್ ಬಂದಿತ್ತು. ಆಫೀಸಿನ ಹುಡುಗರು ಅದೇ ನೆಪದಲ್ಲಿ ಒಂದು ಲೀಗ್ ಶುರು ಮಾಡಿದರು. ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಅಲ್ಲಿ ಆಡುವ ನಿಜ ಆಟಗಾರರಲ್ಲಿ ಕೆಲವರನ್ನು ಆರಿಸಿ ನಾವು ಒಂದು ಕಾಗದದ ತಂಡ ಕಟ್ಟಬೇಕು. ವಾರದ ಪಂದ್ಯಗಳಲ್ಲಿ ಅವರು ಗೋಲು ಹೊಡೆದರೆ, ಗೋಲು ತಡೆದರೆ, ನಮಗೆ ಅಂಕ. ಒಬ್ಬನನ್ನು ಕ್ಯಾಪ್ಟನ್ ಎಂದು ಗುರುತಿಸಿದರೆ ಅವನ ಅಂಕ ಎರಡು ಪಟ್ಟು. ನಮ್ಮವನು ಆ ವಾರ ಆಡದಿದ್ದರೆ ಬೆಂಚಿನಲ್ಲಿ ಕೂತವನು ತಾನಾಗಿ ಒಳಗೆ ಬರುತ್ತಾನೆ. ಶನಿವಾರ ಮೊದಲ ಪಂದ್ಯಕ್ಕೆ ಮುಂಚೆ ತಂಡಕ್ಕೆ ಬೀಗ. ನಮ್ಮಲ್ಲಿ ದುಡ್ಡಿನ ಮಾತಿರಲಿಲ್ಲ. ಇದ್ದದ್ದು ಮಾನ ಮಾತ್ರ.

ಮಾಸ್ಟರ್ ಸೇರಿದರು, ಹೆಂಡತಿಯನ್ನು ಸೇರಿಸಿದರು, ನನ್ನನ್ನೂ ಎಳೆದರು. ಆನ್‌ಲೈನ್ ಆಟಗಳು ಜಾಣ್ಮೆಯವೋ ಅದೃಷ್ಟದವೋ ಎಂದು ಕೋರ್ಟಿನಲ್ಲಿ ನಡೆದಿದ್ದ ವಾದದ ಬಗ್ಗೆ ಆಗ ನಾನು ಆಗಾಗ ವರದಿ ಬರೆಯುತ್ತಿದ್ದೆ. ಮಹಡಿ ಹತ್ತುವಾಗಲೇ ತಡೆದು ಕೇಳುತ್ತಿದ್ದರು: "ಏನಂದ್ರು ಸಾರ್ ಜಡ್ಜ್? ತಿರಮೆ ತಾನೇ?" ಜಾಣ್ಮೆಗೆ ಅವರ ಮನೆಮಾತಿನಲ್ಲಿದ್ದ ಪದ ಅದು, ತಿರಮೆ. ಇನ್ನೂ ತೀರ್ಮಾನವಾಗಿಲ್ಲ ಎಂದರೆ, "ಒಂದ್ ಸೀಸನ್ ಆಡ್ಸಿ ಅವ್ರನ್ನ. ಒಂದ್ ವಾರ ಯಾರ್ ಬೇಕಾದ್ರೂ ಗೆಲ್ಲಬೌದು. ಸೀಸನ್ ಪೂರಾ ಅಂದ್ರೆ ತಿರಮೆ ದಾ" ಎನ್ನುತ್ತಿದ್ದರು.

ಇಷ್ಟು ನಂಬಿದ ಮನುಷ್ಯ ನಮ್ಮ ಲೀಗಿನಲ್ಲಿ ಸದಾ ತಳದಲ್ಲೇ ಇದ್ದರು ಎಂಬುದನ್ನೂ ದಾಖಲಿಸಬೇಕು. ಅವರ ಲೆಕ್ಕಾಚಾರ ಅವರಿಗೇ ವಿಶಿಷ್ಟ. ಗಾಯದಿಂದ ಮರಳಿದ ಆಟಗಾರನನ್ನು "ಬಟ್ಟೆ ಇನ್ನೂ ಮಲಗಿಲ್ಲ" ಎಂದು ಬಿಡುತ್ತಿದ್ದರು. ಹೊಸದಾಗಿ ಮಿಂಚುವವನನ್ನು "ಒಂದ್ ತೊಳ್ತಕ್ಕೆ ಕುಗ್ಗೋ ಮಾಲು" ಎಂದು ದೂರವಿಡುತ್ತಿದ್ದರು. ಒಮ್ಮೆ ಒಂದು ಕ್ಲಬ್ಬಿನ ಟೀ ಶರ್ಟಿನ ಮರು ಆರ್ಡರ್ ಬರಲಿಲ್ಲವೆಂದು, ಆ ತಂಡ ಮುಳುಗುತ್ತದೆಂದು ತೀರ್ಮಾನಿಸಿ ಅಲ್ಲಿಯ ಮುಂಚೂಣಿ ಆಟಗಾರನನ್ನು ತೆಗೆದುಹಾಕಿದರು. ಆ ವಾರ ಅವನು ಹೊಡೆದದ್ದು ಮೂರು ಗೋಲು. ಆರ್ಡರ್ ಹೋದದ್ದು ತಂಡ ಸೋತಿದ್ದಕ್ಕಲ್ಲ, ಖರೀದಿದಾರ ಬೇರೆ ದೇಶದಲ್ಲಿ ಕಡಿಮೆ ದರ ಕಂಡಿದ್ದಕ್ಕೆ. ಸೋಮವಾರ ಇದು ತಿಳಿದಾಗ ಅವರು ಲುಂಗಿಯನ್ನು ಸವರಿಕೊಂಡು, "ವಿಚಾರಿಸ್ಬೇಕಾಗಿತ್ತು. ನಂದೇ ತಪ್ಪು" ಎಂದರು. ದುರದೃಷ್ಟ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ.

ಅಕ್ಕನ ದಾರಿ ಬೇರೆ. ಆಕೆ ಹೂ ಕೇಳುತ್ತಿದ್ದಳು.

ಈ ಕಡೆ ಮದುವೆ, ಜಮೀನು, ಪ್ರಯಾಣ ಯಾವುದೇ ಇಬ್ಬಂದಿಯಲ್ಲೂ ಅಮ್ಮನವರ ಮುಂದೆ ಹೂ ಕೇಳುವ ರೂಢಿಯಿದೆ. ಒಂದು ಪೊಟ್ಟಣದಲ್ಲಿ ಬಿಳಿ ಹೂವು, ಇನ್ನೊಂದರಲ್ಲಿ ಕೆಂಪು. ಯಾವುದು ಬಂದರೆ ಏನರ್ಥವೆಂದು ಮೊದಲೇ ಹೇಳಿಕೊಂಡು, ವಿಷಯಕ್ಕೆ ಸಂಬಂಧವಿಲ್ಲದ ಕೈಯಿಂದ ಒಂದನ್ನು ಎತ್ತಿಸಬೇಕು. ಕೇಳುವವರು ತಾವೇ ಕಟ್ಟಬಾರದು, ತಾವೇ ಎತ್ತಬಾರದು. ಆ ಮನೆಯ ಕಾಂಪೌಂಡಿನಲ್ಲಿ ಕಣಗಿಲೆ ಗಿಡ ಎರಡಿವೆ, ಒಂದು ಬಿಳಿ, ಒಂದು ಕೆಂಪು. ಮುಟ್ಟಿದರೆ ಎರಡೂ ಒಂದೇ, ಕೈಗೆ ಗುಟ್ಟು ತಿಳಿಯುವುದಿಲ್ಲ. ಮಾಸ್ಟರ್ ತಂದಿಟ್ಟ ಬನಿಯನ್ ಬಟ್ಟೆಯ ಚೂರಿನಲ್ಲಿ ಅತ್ತೆ ಹೂ ಕಟ್ಟಿ, ಮನೆದೇವತೆ ಚೌಡಮ್ಮನ ಪಟದ ಮುಂದೆ ಇಡುತ್ತಿದ್ದರು. ಎತ್ತುವ ಕೈ ನನ್ನದು.

"ಬನ್ನಿ ತಮ್ಮಾ, ಫುಟ್ಬಾಲ್ ತಿಳೀದ ಕೈ ಬೇಕು" ಎಂದು ಅಕ್ಕ ಶನಿವಾರ ಬೆಳಿಗ್ಗೆ ಕರೆಯುತ್ತಿದ್ದಳು. ಬಿಳಿ ಬಂದರೆ ಒಬ್ಬ ಕ್ಯಾಪ್ಟನ್, ಕೆಂಪು ಬಂದರೆ ಇನ್ನೊಬ್ಬ.

ಮಾಸ್ಟರ್ ಕಾಫಿ ಲೋಟ ಹಿಡಿದು ಕೆಣಕುತ್ತಿದ್ದರು. "ಚೌಡಮ್ಮಂಗೆ ಆಫ್‌ಸೈಡ್ ಗೊತ್ತೇನೇ?"

"ನಿಮ್ಗೆ ಗೊತ್ತಲ್ಲ? ಗೊತ್ತಿದ್ದೂ ಕಡೇ ಜಾಗ ತಾನೇ?"

"ಇದು ಸುಮ್ಮಾ ಲಾಟ್ರಿ."

"ಲಾಟ್ರೀನೇ ಮೇಲದೆ. ತಿರಮೆ ಕೆಳಗದೆ. ಕಣ್ಣು ಇದ್ರೆ ನೋಡ್ಕೊಳ್ಳಿ."

ಅತ್ತೆ ಅಡುಗೆಮನೆಯಿಂದ, "ಚೌಡಮ್ಮನ್ನ ಯಾಕ್ ಎಳೀತೀರಿ ನಿಮ್ ಕುಸ್ತಿಗೆ? ಅವ್ಳಿಗೆ ಬೇರೆ ಕೆಲ್ಸ ಇಲ್ವಾ?" ಎನ್ನುತ್ತಿದ್ದರು. ಆದರೂ ಮುಂದಿನ ಶನಿವಾರ ಪೊಟ್ಟಣ ಕಟ್ಟಿಡುತ್ತಿದ್ದರು.

ಎರಡನೆಯ ಸೀಸನ್ ನಡುವೆ ಅಕ್ಕನಿಗೆ ರಕ್ತಸ್ರಾವ ಹೆಚ್ಚಾಯಿತು. ಗರ್ಭಕೋಶದಲ್ಲಿ ಗಡ್ಡೆ. ಅಪಾಯದ್ದಲ್ಲ ಎಂದರು ಡಾಕ್ಟರು. ಮಾತ್ರೆ ತಿಂದು ಕಾದು ನೋಡಬಹುದು, ಇಲ್ಲವೆ ಆಪರೇಷನ್ ಮಾಡಿ ತೆಗೆಸಬಹುದು. ಎರಡೂ ಸರಿಯಾದ ದಾರಿಗಳೇ, ಆರಿಸುವುದು ನಿಮಗೆ ಬಿಟ್ಟದ್ದು ಎಂದರು.

ಮಾಸ್ಟರ್ ವಾರಗಟ್ಟಲೆ ವಿಚಾರಿಸಿದರು. ಅದೇ ಆಪರೇಷನ್ ಆದ ಹೆಂಗಸರ ಗಂಡಂದಿರನ್ನು ಹುಡುಕಿ ಮಾತಾಡಿಸಿದರು. ಇನ್ನೊಬ್ಬ ಡಾಕ್ಟರನ್ನು ಕೇಳಿದರು. ನನ್ನಿಂದ ಇಂಗ್ಲಿಷ್ ಲೇಖನಗಳನ್ನು ಓದಿಸಿ ಅರ್ಥ ಕೇಳಿದರು. ಹೂ ಕೇಳೋಣ ಎಂದರು ಅತ್ತೆ. "ಇದು ಆಟ ಅಲ್ಲ ಅತ್ತೆ" ಎಂದರು ಮಾಸ್ಟರ್. ಇಬ್ಬರೂ ಅಕ್ಕನ ಮುಖ ನೋಡಿದರು. ನಾನು ಅಲ್ಲೇ ಬಾಗಿಲ ಬಳಿ ನಿಂತಿದ್ದೆ. ಆಕೆ ನಕ್ಕು, "ಬೇಡಮ್ಮ. ಈ ಒಂದ್ಸಲ ಇವ್ರ ತಿರಮೆ ನೋಡೋಣ. ನನ್ ಕ್ಯಾಪ್ಟನ್ ಇವ್ರೇ ಆರಿಸ್ಲಿ" ಎಂದಳು.

ಮಾಸ್ಟರ್ ಆಪರೇಷನ್ ಆರಿಸಿದರು.

ಪೊಂಗಲ್ ಕಳೆದ ಮೇಲೆ ಕೊಯಮತ್ತೂರಿನ ಒಂದು ಆಸ್ಪತ್ರೆಯಲ್ಲಿ ಆಯಿತು. ಸುಸೂತ್ರವಾಗಿ ಆಯಿತು. ನಾನು ಕೆಲಸದ ಮೇಲೆ ಅತ್ತ ಹೋದವನು ನೋಡಿ ಬಂದೆ. ಆಕೆ ಎದ್ದು ಕೂತಿದ್ದಳು. ಮಾಸ್ಟರ್ ಹಾಸಿಗೆಯ ಅಂಚಿನ ಬಿಳಿ ಬಟ್ಟೆಯನ್ನು ಅಂಗೈಯಿಂದ ಸವರುತ್ತಾ ಕೂತಿದ್ದರು. "ಸಾಕು ಬಿಡಿ, ಇಲ್ಲೇನು ಕಟಿಂಗ್ ಹಾಕ್ತೀರಾ?" ಎಂದು ಆಕೆ ರೇಗಿಸಿದಳು. ಆ ಶನಿವಾರದ ಕ್ಯಾಪ್ಟನ್ ಯಾರೆಂದು ಕೇಳಿದೆ. ಹೋದ ವಾರದವನೇ ಇರಲಿ, ಮನೆಗೆ ಬಂದು ಹೂ ಕೇಳುತ್ತೇನೆ ಎಂದಳು.

ಮನೆಗೆ ಹೊರಡಬೇಕಾದ ದಿನ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದವಳಿಗೆ ಉಸಿರು ಸಿಕ್ಕಲಿಲ್ಲ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿತ್ತು. ತಡೆಯಲು ಕೊಡಬೇಕಾದ ಔಷಧಿಯನ್ನೆಲ್ಲ ಕೊಟ್ಟಿದ್ದರು. ಆದರೂ ಅಪರೂಪಕ್ಕೆ ಹೀಗಾಗುತ್ತದೆ, ಯಾರಿಗೆ ಆಗುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ನಾನು ಬೇರೆ ಇಬ್ಬರು ವೈದ್ಯರನ್ನು ಕೇಳಿದೆ. ವರದಿಗಾರನ ಚಟ. ಅವರೂ ಅದನ್ನೇ ಹೇಳಿದರು.

ದೇಹ ಮನೆಗೆ ಬಂದಾಗ ಅತ್ತೆ ಅಳಲಿಲ್ಲ. ಮಗಳ ಮುಖ ನೋಡಿದರು, ಆಮೇಲೆ ಮಾಸ್ಟರ್ ಮುಖ ನೋಡಿದರು. "ಹೂ ಕೇಳಿದ್ರೆ ನನ್ ಮಗ್ಳು ಇರ್ತಿದ್ಳು" ಎಂದರು.

ಅವರು ಅದನ್ನು ಒಮ್ಮೆ ಮಾತ್ರ ಹೇಳಿದರು. ಆ ದಿನವೂ ಇನ್ನೊಮ್ಮೆ ಹೇಳಲಿಲ್ಲ, ಆಮೇಲೆಂದೂ ಹೇಳಲಿಲ್ಲ. ಮಾಸ್ಟರ್‌ಗೆ ಅನ್ನ ಹಾಕಿದರು, ಬಟ್ಟೆ ಒಗೆದರು, ಕೆಲಸಕ್ಕೆ ಹೋಗುವಾಗ ಡಬ್ಬಿ ಕಟ್ಟಿಕೊಟ್ಟರು. ಇಬ್ಬರ ನಡುವೆ ಆ ಒಂದು ವಾಕ್ಯ ಮಾತ್ರ ಹಾಗೇ ಉಳಿಯಿತು.

ಲೀಗಿನಲ್ಲಿ ಅಕ್ಕನ ತಂಡ ಇತ್ತು. ತೆಗೆಯೋಣವೇ ಎಂದು ಆಫೀಸಿನ ಹುಡುಗರು ಅಂಜುತ್ತಾ ಕೇಳಿದಾಗ ಮಾಸ್ಟರ್ "ಇರ್ಲಿ" ಎಂದರು. ಆ ತಂಡವನ್ನು ಯಾರೂ ಮುಟ್ಟಲಿಲ್ಲ. ಆದರೆ ಆಟಕ್ಕೆ ಮನುಷ್ಯ ಬೇಕಾಗಿಲ್ಲ. ಆಕೆ ಆರಿಸಿದವರು ವಾರ ವಾರ ಆಡಿದರು, ಗೋಲು ಹೊಡೆದರು. ಯಾರಾದರೂ ಗಾಯಗೊಂಡರೆ ಬೆಂಚಿನವನು ತಾನಾಗಿ ಒಳಬಂದ. ಕೊನೆಯ ಸಲ ಹೂವು ಆರಿಸಿದ ಕ್ಯಾಪ್ಟನ್ ಹಾಗೇ ಕ್ಯಾಪ್ಟನ್ನಾಗಿ ಉಳಿದ, ಮತ್ತು ಅವನಿಗೆ ಆ ಬೇಸಿಗೆ ಬಂಗಾರದ್ದು. ದಿನಾ ತಲೆ ಕೆಡಿಸಿಕೊಂಡು ಬದಲಾವಣೆ ಮಾಡುತ್ತಿದ್ದ ನಾವೆಲ್ಲ ಏರಿಳಿಯುತ್ತಿದ್ದೆವು. ಯಾರೂ ಮುಟ್ಟದ ಆ ತಂಡ ಒಬ್ಬೊಬ್ಬರನ್ನೇ ಹಿಂದೆ ಹಾಕಿ ಮೇಲೆ ಹೋಯಿತು. ಸೀಸನ್ ಮುಗಿದಾಗ ಪಟ್ಟಿಯ ತುದಿಯಲ್ಲಿ ಆಕೆಯ ಹೆಸರಿತ್ತು. ಹುಡುಗರು ಗುಂಪಿನಲ್ಲಿ ಯಾವ ಮೆಸೇಜೂ ಹಾಕಲಿಲ್ಲ.

ಮಾಸ್ಟರ್ ಮೊಬೈಲಿನ ಗಾಜನ್ನು ಅಂಗೈಯಿಂದ ಒರೆಸಿ ನನಗೆ ತೋರಿಸಿದರು. "ನೋಡಿ ಸಾರ್ ಅವ್ಳ ಸೆಲೆಕ್ಷನ್. ತಿರಮೆ ಅವ್ಳದ್ದಾಗಿತ್ತು. ನಾನು ಲಾಟ್ರಿ ಅಂತ ನಕ್ಕೆ."

"ಅದು ಅದೃಷ್ಟ ಅಣ್ಣಾ" ಎಂದೆ. ಬೇಕೆಂದೇ ಗಟ್ಟಿಯಾಗಿ ಹೇಳಿದೆ. ಇಲ್ಲಿ ಅದೃಷ್ಟವನ್ನು ಒಪ್ಪಿದರೆ ಆಸ್ಪತ್ರೆಯ ವಿಷಯದಲ್ಲೂ ಒಪ್ಪಿಯಾರು ಎಂಬ ಆಸೆ ನನಗೆ. "ನೀವು ಆರಿಸಿದ್ದೂ ಸರಿ ಇತ್ತು. ಆದದ್ದು ಬೇರೆ. ಯಾರ ತಪ್ಪೂ ಇರಲಿಲ್ಲ."

ಅವರು ತೊಡೆಯ ಮೇಲಿನ ಲುಂಗಿ ಸವರಿದರು. "ಡಾಕ್ಟ್ರೂ ಅದೇ ಅಂದ್ರು. ಯಾರ್ ತಪ್ಪೂ ಇಲ್ದೆ ಒಂದ್ ತೋಳು ಗಿಡ್ಡ ಆಗಲ್ಲ ಸಾರ್. ಯಾರ್ ತಪ್ಪೂ ಇಲ್ದೆ ಒಬ್ಳು ಹೋಗ್ತಾಳಾ?"

ಹೋಗುತ್ತಾಳೆ ಎಂಬುದೇ ಉತ್ತರ. ಅದನ್ನು ಅವರ ಮುಖ ನೋಡಿ ಹೇಳಲಾಗಲಿಲ್ಲ. ಅದೃಷ್ಟ ಎಂಬ ಮಾತಿನಲ್ಲಿ ಮನುಷ್ಯನಿಗೆ ಒಂದು ಕ್ಷಮೆ ಇದೆ. ಜೀವಮಾನವೆಲ್ಲ ಅದನ್ನು ಬೇಡವೆಂದವರಿಗೆ, ಬೇಕಾದ ದಿನ ಅದು ಸಿಕ್ಕಲಿಲ್ಲ. ಪ್ರತಿ ತಪ್ಪಿಗೂ ಒಂದು ಕೈ ಹುಡುಕುತ್ತಿದ್ದವರು ಈ ಸಲ ಹುಡುಕಿ ಕಂಡದ್ದು ತಮ್ಮ ಕೈಯನ್ನೇ.

ತಮಿಳರ ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಹೊತ್ತಿಗೆ, ಒಂದು ದಿನ ಅವರು ಮಹಡಿ ಹತ್ತಿ ಬಂದರು. ಅವರು ಮೇಲೆ ಬಂದದ್ದು ಅದೇ ಮೊದಲು. ಮೊಬೈಲನ್ನು ನನ್ನ ಕೈಗೆ ಕೊಟ್ಟರು. "ಸಾರ್, ಅವ್ಳ ಹೆಸ್ರು ಕಾಣ್ತಿಲ್ಲ. ಎಲ್ಲೋ ಒತ್ಬಿಟ್ಟೆ ಅನ್ಸ್ತದೆ. ಸ್ವಲ್ಪ ನೋಡಿ."

ಅವರು ಏನನ್ನೂ ಒತ್ತಿರಲಿಲ್ಲ. ಹೊಸ ಸೀಸನ್ ತೆರೆಯುವಾಗ ಹಳೆಯ ತಂಡಗಳೆಲ್ಲ ಅಳಿಸಿಹೋಗುತ್ತವೆ. ಎಲ್ಲರೂ ಮೊದಲಿನಿಂದ ಕಟ್ಟಬೇಕು. ಕಟ್ಟದವರ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ. ವಿವರಿಸಿದೆ. ತಲೆಯಾಡಿಸಿದರು. "ಹಂಗಾದ್ರೆ ನನ್ ತಪ್ಪಲ್ಲ" ಎಂದರು, ಪ್ರಶ್ನೆಯಂತೆ. ಅಲ್ಲ ಎಂದೆ. ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ನಿಂತು ಇನ್ನೊಮ್ಮೆ ಪರದೆ ನೋಡಿಕೊಂಡರು.

ಹೊಸ ಸೀಸನ್ನಿನ ಒಂದು ಶನಿವಾರ ಬೆಳಿಗ್ಗೆ ಅವರೇ ಕರೆದರು. "ಬನ್ನಿ ಸಾರ್, ಒಂದ್ ಹೂ ಎತ್ತಿ." ಚೌಡಮ್ಮನ ಮುಂದೆ ಬನಿಯನ್ ಬಟ್ಟೆಯ ಎರಡು ಪೊಟ್ಟಣಗಳಿದ್ದವು. ಕಟ್ಟಿಟ್ಟವರು ಅತ್ತೆ, ಹಿಂದಿನಂತೆಯೇ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಕ್ಯಾಪ್ಟನ್ ಯಾರು ಯಾರ ನಡುವೆ ಎಂದು ಕೇಳಿದೆ.

"ಕ್ಯಾಪ್ಟನ್ ಅಲ್ಲ" ಎಂದರು. ಚಾಪೆ ಸವರಿದರು. "ಬಿಳಿ ಬಂದ್ರೆ, ಅವತ್ತು ಆರ್ಸಿದ್ದು ತಪ್ಪಲ್ಲ. ಕೆಂಪು ಬಂದ್ರೆ ತಪ್ಪು. ಅಷ್ಟೇ."

ಎತ್ತಬಾರದಿತ್ತೋ ಏನೋ. ಎತ್ತಿದೆ. ಅವರು ಗಂಟು ಬಿಚ್ಚಿದರು. ಕೆಂಪು.

ಆಗ ಅವರ ಮುಖ ಹೇಗಿತ್ತೆಂದು ಬಣ್ಣಿಸುವುದಿಲ್ಲ. ಅತ್ತೆ ಒಳಗೆ ಹೋದರು, ಪಾತ್ರೆ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಮಾಸ್ಟರ್ ಆ ಹೂವನ್ನು ಪಟಕ್ಕೆ ಏರಿಸಿ, ತಮ್ಮ ಹಳೆಯ ದನಿಯಲ್ಲಿ, "ಒಂದ್ ವಾರದಲ್ಲಿ ತಿಳಿಯಲ್ಲ ಸಾರ್. ಸೀಸನ್ ಪೂರಾ ಕೇಳ್ಬೇಕು" ಎಂದರು.

ದೇವರನ್ನು ಹೂ ಕೇಳಿದವರು ಉತ್ತರವನ್ನು ಒಪ್ಪಿಕೊಳ್ಳುತ್ತಾರೆ. ಸೀಸನ್ ಪೂರ್ತಿ ಕೇಳುತ್ತೇನೆ ಎಂದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದೃಷ್ಟದ ಆಟವನ್ನೂ ಅವರು ತಿರಮೆಯ ಅಳತೆಯಲ್ಲೇ ಅಳೆಯಬೇಕಿತ್ತು.

ಮುಂದಿನ ಶನಿವಾರ ಬಿಳಿ ಬಂತು. ನನಗೆ ಉಸಿರು ಬಂತು. ಅವರು ಹೂವನ್ನು ಪಟಕ್ಕೆ ಏರಿಸಿ ಕೆಲಸಕ್ಕೆ ಹೋದರು. ಅದರ ಮುಂದಿನದೂ ಬಿಳಿ. ಮತ್ತೂ ಬಿಳಿ. ದೀಪಾವಳಿಯ ರಜೆಯಲ್ಲೂ ಕರೆದರು, ಬಿಳಿಯೇ. ನಾನು ದೈವಭಕ್ತನಲ್ಲ. ಆದರೆ ಆ ಮನೆಯ ಮಟ್ಟಿಗೆ ಹಾಗೇ ನಡೆಯಲಿ ಎಂದುಕೊಂಡು, ಪ್ರತಿ ವಾರ ಒಂದು ಪೊಟ್ಟಣ ಎತ್ತಿ ಕೊಡುತ್ತಿದ್ದೆ. ಇನ್ನೊಂದನ್ನು ಯಾರೂ ಬಿಚ್ಚುತ್ತಿರಲಿಲ್ಲ. ರೂಢಿಯಲ್ಲಿ ಅದನ್ನು ಬಿಚ್ಚುವುದಿಲ್ಲ, ಹಾಗೇ ಹರಿಯುವ ನೀರಿಗೆ ಹಾಕುತ್ತಾರೆ.

ಅವರು ನಿಧಾನಕ್ಕೆ ಬದಲಾದರು. ಅನ್ನ ಕೇಳಿ ಹಾಕಿಸಿಕೊಳ್ಳತೊಡಗಿದರು. ಲೀಗಿನಲ್ಲಿ ಮತ್ತೆ ಆರ್ಡರ್ ನೋಡಿ ಆಟಗಾರರನ್ನು ತೆಗೆದು ಮತ್ತೆ ತಳ ಸೇರಿದರು. ಅತ್ತೆಯೊಡನೆ ಮಾತು ಬೆಳೆಯಿತು.

"ಉಪ್ಪು ಕಮ್ಮಿ" ಎಂದರು ಒಂದು ದಿನ.

"ನಿನ್ ತಿರಮೇಲಿ ಹಾಕ್ಕೊ" ಎಂದರು ಅತ್ತೆ.

ಇಬ್ಬರೂ ನಕ್ಕದ್ದು ಮಹಡಿಗೆ ಕೇಳಿಸಿತು. ಒಂದು ವರ್ಷದ ಮೇಲೆ ಕೇಳಿದ ನಗು ಅದು.

ಅವರ ಕೊನೆಯ ಶನಿವಾರವೂ ನಾನು ಎತ್ತಿದ್ದು ಬಿಳಿ. ಅವರು ಹೂವನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಜೊತೆ ಗೇಟಿನವರೆಗೆ ಬಂದರು. ಅಲ್ಲಿ ಕೆಂಪು ಕಣಗಿಲೆ ಗಿಡದ ಮುಂದೆ ನಿಂತರು. ಗಿಡದ ತುಂಬ ಹೂವು, ಬುಡದಲ್ಲಿ ಬಾಡಿ ಉದುರಿದ ರಾಶಿ. ಅದನ್ನು ನೋಡುತ್ತಾ, "ಇಷ್ಟ್ ವಾರ ಒಂದೇ ಬಣ್ಣ ಬರೋದು ಅದೃಷ್ಟ ಅಲ್ಲ ಸಾರ್. ಇದಕ್ಕೂ ಒಂದ್ ಕೈ ಅದೆ" ಎಂದರು.

ದೇವಿಯ ಕೈ ಎನ್ನುತ್ತಿದ್ದಾರೆ ಎಂದುಕೊಂಡೆ. ಕೊನೆಗೂ ಭಕ್ತರಾದರಲ್ಲ ಎಂದು ಮನಸ್ಸಿನಲ್ಲೇ ಸೋಜಿಗಪಟ್ಟೆ. ಅವರು ಹೂವನ್ನು ಶರ್ಟಿನ ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದರು.

ಮುಂದಿನ ವಾರ, ಶನಿವಾರ ಬರುವ ಮೊದಲೇ, ಅವರು ಕಟಿಂಗ್ ಟೇಬಲ್ಲಿನ ಮೇಲೇ ಕುಸಿದರು. ಹಾಸಿದ ಬಟ್ಟೆಯನ್ನು ಸವರುತ್ತಿದ್ದವರು ಹಾಗೇ ಅದರ ಮೇಲೆ ಬಾಗಿದರು ಎಂದು ಜೊತೆಯವರು ಹೇಳಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅತ್ತೆ ನನ್ನನ್ನು ಕರೆದರು. ಜಗುಲಿಯಲ್ಲಿ ಕೂತಿದ್ದರು. ನನಗೂ ಕಾಫಿ ಕೊಟ್ಟರು.

"ತಮ್ಮಾ, ನೀನು ಪೇಪರ್ ಮನ್ಷ. ಕಂಡದ್ದು ಕಂಡಂಗೆ ಹೇಳೋನು. ಒಂದ್ ಕೇಳ್ತೀನಿ, ಹೇಳ್ಬೇಕು."

ಕೇಳಿ ಎಂದೆ.

"ಮೊದ್ಲು ದಿನ ಕೆಂಪು ಬಂತಲ್ಲ, ಅವತ್ತು ನಾನು ಸರಿಯಾಗೇ ಕಟ್ಟಿದ್ದೆ. ಒಂದು ಬಿಳಿ, ಒಂದು ಕೆಂಪು. ಅವನ್ ಮೊಗ ನೋಡ್ದೆ. ಆರು ವರ್ಷದ್ ಮಗು ಇದ್ದಾಗ, ಅವ್ನವ್ವ ಹೋದಾಗ ನನ್ ಮಡ್ಲಿಗೆ ಬಂದ್ನಲ್ಲ, ಅದೇ ಮೊಗ. ಅವತ್ತಿಂದ ಆ ಕೆಂಪು ಗಿಡಕ್ಕೆ ನಾನು ಪೂಜೆಗೂ ಕೈ ಹಾಕ್ಲಿಲ್ಲ. ಎರಡ್ ಪೊಟ್ಣಕ್ಕೂ ಬಿಳೀನೇ ಕಟ್ಟಿದೆ. ವಾರಾ ವಾರಾ. ಅವ್ಳು ನನ್ ಮಗ್ಳು. ಹೂ ಕೇಳಿದ್ರೆ ಇರ್ತಿದ್ಳು ಅಂದದ್ದು ನಾನೇ ತಾನೇ? ಬಾಯಿಂದ ಬಂದದ್ದನ್ನ ಬಾಯಿಂದ ವಾಪಸ್ ತಗೊಳ್ಳಕ್ಕೆ ಆಗ್ಲಿಲ್ಲ."

ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ಚೌಡಮ್ಮಂಗೆ ಮೋಸ ಮಾಡ್ದೆ. ಅದನ್ನ ನಾನೂ ಅವ್ಳೂ ನೋಡ್ಕೋತೀವಿ. ನಂಗೆ ಬೇಕಾದ್ದು ಬೇರೆ. ಅವನ್ಗೆ ಗೊತ್ತಾಯ್ತಾ? ಏನಾದ್ರೂ ಅಂದ್ನಾ?"

ಗೊತ್ತಿಲ್ಲ ಎನ್ನಬಹುದಿತ್ತು. ದೇವಿಯೇ ತಪ್ಪಿಲ್ಲ ಎಂದಳೆಂದು ನಂಬಿ ಹೋದರು, ಅದೇ ಒಳ್ಳೆಯದು ಎನ್ನಬಹುದಿತ್ತು. ಯಾವ ಉತ್ತರ ಅವರಿಗೆ ಬೇಕಿತ್ತೋ ನನಗೆ ತಿಳಿಯಲಿಲ್ಲ. ತಿಳಿಯದಾಗ ನಾವು ವರದಿಗಾರರು ಮಾಡುವುದು ಒಂದೇ, ಹೇಳಿದ ಮಾತನ್ನು ಹೇಳಿದ ಹಾಗೇ ಒಪ್ಪಿಸುವುದು. ಗೇಟಿನ ಬಳಿ ನಿಂತದ್ದು, ಗಿಡವನ್ನೂ ಬುಡದ ರಾಶಿಯನ್ನೂ ನೋಡಿದ್ದು, ಹೂವನ್ನು ಜೇಬಿಗೆ ಹಾಕಿಕೊಂಡದ್ದು ಎಲ್ಲ ಹೇಳಿದೆ. ಅವರ ಮಾತನ್ನು ಅವರ ಕನ್ನಡದಲ್ಲೇ ಹೇಳಿದೆ.

"ಇಷ್ಟ್ ವಾರ ಒಂದೇ ಬಣ್ಣ ಬರೋದು ಅದೃಷ್ಟ ಅಲ್ಲ. ಇದಕ್ಕೂ ಒಂದ್ ಕೈ ಅದೆ."

ಅತ್ತೆ ಕೆಂಪು ಗಿಡದ ಕಡೆ ನೋಡಿದರು. ತಮ್ಮ ಎರಡು ಅಂಗೈಗಳನ್ನು ನೋಡಿಕೊಂಡರು. ಆಮೇಲೆ, ಮಗಳು ಹೋದಾಗ ಅಳದಿದ್ದವರು, ಬಾಯಿಗೆ ಸೆರಗು ಒತ್ತಿಕೊಂಡು ಜೋರಾಗಿ ಅತ್ತರು. ಅಳುತ್ತಲೇ ಬೈದರು.

"ಕಳ್ಳ. ಗೊತ್ತಿದ್ದೂ ವಾರಾ ವಾರಾ ಬಂದು ಕೂತ್ಕೋತಿದ್ನಾ? ನನ್ ಕೈಯಿಂದ ಆ ಬಿಳಿ ಈಸ್ಕೊಳ್ಳಕ್ಕೆ?"